ಸರ್ವರ್ ಯೋಗಾನಂದ
ತರೀಕೆರೆಯ ಯಾವ ಕಚೇರಿಯಲ್ಲಿ ಸರ್ವರಿನ ಸಿ ಡ್ರೈವ್ ತುಂಬಿದರೂ ಕರೆ ಹೋಗುವುದು ಯೋಗಾನಂದನಿಗೆ. ಬಂದವನು ರಾಹುಕಾಲ ಕಳೆಯುವವರೆಗೆ ಮೌಸ್ ಮುಟ್ಟುವುದಿಲ್ಲ. ಆಮೇಲೆ ವೆಬ್‌ಸೈಟಿನ ಫೋಲ್ಡರನ್ನು ಡಿ ಡ್ರೈವಿಗೆ ಸಾಗಿಸಿ, ಸರ್ವರಿಗೆ ಹೊಸ ಜಾಗ ತೋರಿಸಿ, ಗೃಹಪ್ರವೇಶ ಮುಗಿಸಿದವನಂತೆ ಎಲ್ಲರಿಗೂ ಬಿಸಿ ಹಾಲು ಕುಡಿಸುತ್ತಾನೆ. ಇವನ ಹಾಲು ಕುಡಿಯದ ಗುಮಾಸ್ತ ಊರಲ್ಲಿಲ್ಲ. ಹಳೇ ಫೋಲ್ಡರನ್ನು ಮಾತ್ರ ಅಳಿಸಲು ಬಿಡುವುದಿಲ್ಲ. ಅದರಲ್ಲಿ ‘ನಾವು ಡಿ ಡ್ರೈವಿಗೆ ಹೋಗಿದ್ದೇವೆ’ ಎಂಬ ಪುಟ ಇಟ್ಟಿರುತ್ತಾನೆ. “ಅಲ್ಲಿಗ್ಯಾರೂ ಬರಲ್ಲ ಕಣ್ರೀ, ತೆಗೀರಿ” ಎಂದು ಒಂದು ಕಚೇರಿಯ ಮ್ಯಾನೇಜರ್ ವಿಭಾ ರೇಗಿದರೆ, “ಇರ್ಲಿ ಬಿಡಿ ಮೇಡಂ, ಯಾರಾದ್ರೂ ಹುಡುಕ್ಕೊಂಡು ಬಂದ್ರೆ?” ಎನ್ನುತ್ತಾನೆ. ಹೆಬ್ಬೆ ಕಡೆಯ ಅವನ ಊರನ್ನು ಕಾಡಿಗಾಗಿ ಎತ್ತಂಗಡಿ ಮಾಡಿದಾಗ ಮನೆಯ ನಾಯಿ ಲಾರಿ ಹತ್ತಲಿಲ್ಲ. ತಿಂಗಳಾದ ಮೇಲೆ ಹೋಗಿ ನೋಡಿದರೆ, ಕೆಡವಿದ ಮನೆಯ ಹೊಸಿಲಲ್ಲಿ, ಇಲ್ಲದ ಬಾಗಿಲು ಕಾಯುತ್ತ ಕೂತಿತ್ತಂತೆ.