ಮೇಟಿ ನೆಟ್ಟ ಜಾಗ

ಇಂಡಿಯಿಂದ ಹೊರ್ತಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಆಟದ ಬಯಲಿತ್ತು. ಹೀಗೆ ಬರೆದ ಕೂಡಲೇ ಅನುಮಾನ ಶುರುವಾಗುತ್ತದೆ. ಬಯಲು ನಮ್ಮದಲ್ಲ, ಒಬ್ಬ ಗೆಳೆಯನ ತಂದೆಯದು. ಆಟಕ್ಕೆಂದು ಮಾಡಿದ್ದೂ ಅಲ್ಲ, ಅದು ಜೋಳದ ಕಣ. ಸುಗ್ಗಿಯಲ್ಲಿ ಅದರ ನಡುವೆ ಮೇಟಿ ಎಂಬ ಕಂಬ ನೆಟ್ಟು, ಸುತ್ತಲೂ ಎತ್ತುಗಳನ್ನು ತಿರುಗಿಸಿ ತೆನೆ ತುಳಿಸುತ್ತಿದ್ದರು. ರಾಶಿ ಮುಗಿದು ಕಂಬ ಕಿತ್ತ ಮೇಲೆ ನೆಲ ನಮಗೆ ಸಿಗುತ್ತಿತ್ತು. ಸಗಣಿ ಸಾರಿಸಿ, ಗೊರಸು ತುಳಿದು ಗಟ್ಟಿಯಾದ ಆ ನೆಲದಲ್ಲಿ ಎರೆಮಣ್ಣಿನ ಬಿರುಕುಗಳಿರಲಿಲ್ಲ. ಬೂದಿಯಿಂದ ಗೆರೆ ಎಳೆಯುತ್ತಿದ್ದೆವು. ನಡುಗೆರೆ ಸರಿಯಾಗಿ ಮೇಟಿಯ ಕುಣಿಯ ಮೇಲೆ ಹಾಯುತ್ತಿತ್ತು. ಕುಣಿಗೆ ಮಣ್ಣು ತುಂಬಿದ್ದರೂ ಅಲ್ಲಿ ಕಾಲಿಟ್ಟರೆ ಮೆತ್ತಗೆನಿಸುತ್ತಿತ್ತು. ಬೂದಿ ಅಳಿಸಿಹೋದರೂ ಗೆರೆ ಎಲ್ಲಿದೆ ಎಂದು ಅಂಗಾಲಿಗೆ ತಿಳಿಯುತ್ತಿತ್ತು.

ಆಟ ಹುತುತು. ಮುಂಬಯಿ ಪ್ರಾಂತದಲ್ಲಿದ್ದಷ್ಟು ದಿನ ಅದಕ್ಕೆ ಬೇರೆ ಹೆಸರಿದೆಯೆಂದು ನಮಗೆ ಗೊತ್ತಿರಲಿಲ್ಲ. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಎಷ್ಟು ವರ್ಷಕ್ಕೆ ಎಂದು ಕೇಳಬೇಡಿ, ಅದು ಕಬಡ್ಡಿಯಾಯಿತು. ಎದುರಾಳಿಗಳ ಕಡೆಗೆ ನುಗ್ಗಿದವನು ಒಂದೇ ಉಸಿರಿನಲ್ಲಿ ‘ಹುತುತು’ ಎನ್ನುವ ಬದಲು ‘ಕಬಡ್ಡಿ’ ಎನ್ನಬೇಕು. ಬೇರೆ ಶಬ್ದ ಬಂದರೆ ಅವನು ಸತ್ತ. ಔಟಾದವನನ್ನು ನಮ್ಮ ಕಡೆ ಹಾಗೆಯೇ ಅನ್ನುವುದು.

ನಮ್ಮಲ್ಲಿ ನುಗ್ಗುವವನೆಂದರೆ ಆ ಗೆಳೆಯನೇ. ಅವರದು ತಲೆತಲಾಂತರದಿಂದ ಅಲ್ಲೇ ಒಕ್ಕಲುತನ ಮಾಡಿಕೊಂಡಿದ್ದ ಮುಸಲ್ಮಾನ ಮನೆತನ. ಅವನ ತಂದೆಯನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಗೆಳೆಯ ನೀರು ಸೇದುವಾಗ, ದನಕ್ಕೆ ಕಣಿಕೆ ಹಾಕುವಾಗ, ಕಬಡ್ಡಿ ಕಬಡ್ಡಿ ಎಂದು ನಾಲಿಗೆ ಪಳಗಿಸುತ್ತಿದ್ದ. ಮಗನಿಗೆ ಏನೋ ಬಡಿದಿದೆಯೆಂದು ಅವನ ತಾಯಿ ದರ್ಗಾದಿಂದ ತಾಯತ ತಂದು ಕಟ್ಟಿದರು.

ಆ ಬೇಸಿಗೆ ಕಾಕಾನ ಹೊಸ ಬಾವಿಗೆ ನೀರು ಬಿದ್ದಿತ್ತು. ಲಿಂಬೆ ಸಸಿ ಹಚ್ಚುವುದೆಂದು ಹೊಲದ ತುಂಬ ಗೂಟ ಹೊಡೆಸಿದ್ದರು. ಗೂಟಗಳ ಸಾಲು ಕಣದೊಳಗೂ ಬಂದಿತ್ತು. ನಾವು ಗುಂಪುಗಟ್ಟಿ ಹೋಗಿ ಕಣವನ್ನಾದರೂ ಬಿಡಿ ಎಂದು ಕೇಳಿಕೊಂಡೆವು. ಅವರು ಗದರಲಿಲ್ಲ. ಸಿಂದಗಿಯವರ ಜೋಡಿ ನಮ್ಮ ಪಂದ್ಯ ಇರುವುದು ಅವರಿಗೆ ಗೊತ್ತಿತ್ತು.

“ಗೆದ್ರ ಕಣಾ ನಿಮ್ಮದು, ಸೋತ್ರ ಲಿಂಬೀದು. ಆಮ್ಯಾಲೆ ಮಾರಿ ಸಣ್ಣ ಮಾಡಬಾರದು ಮತ್ತ.”

ಪಂದ್ಯ ಅದೇ ಕಣದಲ್ಲಿ, ಒಳಗಿನ ಗೂಟಗಳನ್ನು ಅಷ್ಟು ಹೊತ್ತಿನ ಮಟ್ಟಿಗೆ ಕಿತ್ತಿಟ್ಟಿದ್ದರು. ಆ ದಿನ ತೀರ್ಪು ಹೇಳುವ ಪಂಚರಾಗಿ ನಿಂತವರು ದಕ್ಷಿಣದಿಂದ ವರ್ಗವಾಗಿ ಬಂದಿದ್ದ ಮಾಸ್ತರು. ಎರಡೂ ಕಡೆ ಸಮಸಮ ಬಂದು, ಕೊನೆಗೆ ನಮ್ಮಲ್ಲಿ ಗೆಳೆಯನೊಬ್ಬನೇ ಉಳಿದಿದ್ದ. ನುಗ್ಗಿದ, ಒಬ್ಬನನ್ನು ಮುಟ್ಟಿದ, ತಿರುಗುವಷ್ಟರಲ್ಲಿ ಮಿಕ್ಕವರು ಕಾಲಿಗೆ ಜೋತುಬಿದ್ದರು. ಅವರನ್ನೂ ಎಳೆದುಕೊಂಡೇ ತೆವಳಿದ. ಕೈ ಚಾಚಿದಾಗ ಬೆರಳು ಮೇಟಿಯ ಕುಣಿಯ ಮೆತ್ತನೆ ಮಣ್ಣಿನಲ್ಲಿ ಇಳಿದವು. ಗೆರೆ ಮುಟ್ಟಿದ್ದ. ಆದರೆ ಆ ಎಳೆದಾಟದಲ್ಲಿ ಬಾಯಿಂದ ಬರುತ್ತಿದ್ದದ್ದು ಕಬಡ್ಡಿ ಅಲ್ಲ, ಹುತುತುತು. ಸೀಟಿ ಬಿತ್ತು.

ಕಣದ ಅಂಚಿನ ಕಲ್ಲುಗುಂಡಿನ ಮೇಲೆ ಕೂತಿದ್ದ ಕಾಕಾ ಎದ್ದು ಬಂದರು.

“ಉಸರ ಬಿಟ್ಟನೇನ್ರಿ ಮಾಸ್ತರ?”

“ಉಸಿರು ಬಿಟ್ಟಿಲ್ಲ ಯಜಮಾನ್ರೆ. ಶಬ್ದ ತಪ್ಪಿದ.”

“ಉಸರ ಐತಿ ಅಂತೀರಿ, ಸತ್ತಾನ ಅಂತೀರಿ. ಹೆಣಾ ಎತ್ತೂ ಮುಂದ ನಮ್ಮನ್ನಷ್ಟು ಕೇಳ್ರಿ.”

ಸಿಂದಗಿಯವರೂ ನಕ್ಕರು. ಮಾಸ್ತರೂ ನಕ್ಕರು, ಆದರೆ ತೀರ್ಪು ಬದಲಿಸಲಿಲ್ಲ. ನಾವು ಸೋತೆವು.

ಇಷ್ಟು ಬರೆದು ಆ ತಂಡದಲ್ಲಿದ್ದ ಇನ್ನೊಬ್ಬ ಗೆಳೆಯನಿಗೆ ಓದಿ ಹೇಳಿದೆ. ಅವನ ಪ್ರಕಾರ ಆ ದಿನ ಕಾಕಾ ಅಲ್ಲಿರಲೇ ಇಲ್ಲ, ಮುದ್ದೇಬಿಹಾಳಕ್ಕೆ ಮದುವೆಗೆ ಹೋಗಿದ್ದರು. ಹಾಗಿದ್ದರೆ ಹೆಣದ ಮಾತು ಯಾರದು? ಅವನಿಗೂ ಗೊತ್ತಿಲ್ಲ, ಆದರೆ ಅವನೂ ಅದನ್ನು ಕೇಳಿದ್ದಾನೆ. ನೆನಪು ತನಗೆ ಬೇಕಾದವರನ್ನು ತಾನೇ ಕರೆತಂದು ಕಲ್ಲಿನ ಮೇಲೆ ಕೂರಿಸುತ್ತದೇನೋ. ಹಾಗಾಗಿ ಆಡಿದ ಮಾತುಗಳನ್ನು ಬಿಟ್ಟು, ನಮ್ಮಿಬ್ಬರ ಕಣ್ಣಿಗೂ ಒಂದೇ ಥರ ಬಿದ್ದದ್ದನ್ನಷ್ಟೇ ಹೇಳುತ್ತೇನೆ.

ಮಳೆ ಹಿಡಿದ ಮೇಲೆ ಲಿಂಬೆ ಸಸಿಗಳು ಬಂದವು. ನಾವು ಆ ಕಡೆ ಹೋಗಲಿಲ್ಲ. ಕಾಕಾನ ಮಗನೇ ಬಂದು ಕರೆದೊಯ್ದ. ಹೊಲದ ತುಂಬ ಸಾಲು ಹಿಡಿದು ಸಸಿ, ನಡುವೆ ಮಾತ್ರ ಬರಿ ನೆಲ. ಅಂಗಳದಷ್ಟು ಅಗಲದ, ಹುತುತು ಆಡುವುದಕ್ಕೆ ಬೇಕಾಗುವಷ್ಟೇ ಜಾಗ. ಅಲ್ಲಿಯ ಗೂಟಗಳನ್ನು ಮತ್ತೆ ಹೊಡೆದಿರಲಿಲ್ಲ. ಇದ್ಯಾಕೆ ಬಿಟ್ಟಿರಿ ಎಂದು ನಾವು ಕೇಳಿದಾಗ ಕಾಕಾ ನಮ್ಮ ಮುಖ ನೋಡದೆ ಸಸಿಗೆ ಮಣ್ಣು ಏರಿಸುತ್ತ ಹೇಳಿದರು. ಈ ಮಾತನ್ನು ಮಾತ್ರ ಆ ಇನ್ನೊಬ್ಬ ಗೆಳೆಯನೂ ಒಪ್ಪುತ್ತಾನೆ.

“ಮೇಟಿ ನಟ್ಟ ಜಾಗಾದಾಗ ಗಿಡಾ ಹಚ್ಚಬಾರದಪಾ. ಹಿರ್ಯಾರು ಹೇಳ್ಯಾರ.”

ಗಿಡಗಳು ದೊಡ್ಡವಾದ ಮೇಲೂ ಅಲ್ಲಿ ಆಡಿದೆವು. ಲಿಂಬೆಯ ಒಣಮುಳ್ಳು ಗಾಳಿಗೆ ಅಂಗಳದೊಳಗೆ ಬಂದು ಬೀಳುತ್ತಿತ್ತು. ನಾವು ಹೋಗುವಷ್ಟರಲ್ಲಿ ಮಾತ್ರ ಕಸಬರಿಗೆಯ ಗೀರುಗಳಷ್ಟೇ ಇರುತ್ತಿದ್ದವು. ಅಲ್ಲಿ ಕಾಕಾನ ಮಗ ಹೊಟ್ಟೆ ತುಂಬ ಹುತುತು ಅನ್ನುತ್ತಿದ್ದ.

ಈಗ ಲಿಂಬೆಯೂ ಇಲ್ಲ, ಅಂಗಳವೂ ಇಲ್ಲ, ಮನೆಗಳೆದ್ದಿವೆ. ಕಾಕಾ ಹೇಳಿದ ಆ ಪದ್ಧತಿಯನ್ನು ಬರೆದಿಡೋಣವೆಂದು ಇಂಡಿಯಲ್ಲಿ, ಬಸವನ ಬಾಗೇವಾಡಿಯಲ್ಲಿ, ಕಂಡ ಕಂಡ ಒಕ್ಕಲುತನದವರನ್ನೆಲ್ಲ ವಿಚಾರಿಸಿದೆ. ಅಂಥ ಪದ್ಧತಿಯ ಮಾತು ಕೇಳಿ ಬಲ್ಲವರು ಒಬ್ಬರೂ ಇಲ್ಲ. ಹಲಸಂಗಿಯ ಅಜ್ಜನೊಬ್ಬ ಮಾತ್ರ ನನ್ನನ್ನೇ ಒಂದು ಸಲ ನೋಡಿ ನಕ್ಕ.

“ಯಾವ ಶಾಣ್ಯಾ ಹೇಳಿದಾ ನಿಮಗ? ಎತ್ತಿನ ಸಗಣಿ, ಉಚ್ಚಿ ಎಲ್ಲಾ ಬಿದ್ದು ಹೊಲದಾಗ ಎಲ್ಲಾಕಿಂತ ಕಸುವಿನ ಮಣ್ಣು ಅದs. ಗಿಡಾ ಹಚ್ಚೂದಿದ್ರ ಮೊದಲ ಅಲ್ಲೇ ಹಚ್ಚಬೇಕು.”

ಆಮೇಲೆ ನಾನು ಯಾರನ್ನೂ ಕೇಳಲಿಲ್ಲ.