ಗುರುತು ಹಿಡಿದ ಗಾಡಿ

ದೆವ್ವ, ಪವಾಡ, ವಾಕ್ಸಿದ್ಧಿ ಎಂಬ ಮಾತು ಬಂದರೆ ನಗುವವನು ನಾನು. ನಕ್ಕು ಸುಮ್ಮನಿರುವುದೂ ಇಲ್ಲ, ಎದುರಿನವರು ಸಾಕಪ್ಪಾ ಎನ್ನುವವರೆಗೆ ವಾದಿಸುತ್ತೇನೆ. ಚಿಕ್ಕೋಡಿಯಲ್ಲಿ ಇಪ್ಪತ್ತು ವರ್ಷದಿಂದ ಗಾಡಿಗಳ ವೈರಿಂಗ್ ಕೆಲಸ ಮಾಡಿಕೊಂಡಿದ್ದೇನೆ. ಕರೆಂಟು ಹರಿದರೆ ದೀಪ ಹತ್ತುತ್ತದೆ, ಹತ್ತದಿದ್ದರೆ ಎಲ್ಲೋ ವೈರು ಕಡಿದಿದೆ; ನನ್ನ ಶಾಸ್ತ್ರ ಇಷ್ಟೇ ಆಗಿತ್ತು. ಈಗ ಹೇಳಲಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನೀವೂ ನಂಬಲೇಬೇಕೆಂದು ನನ್ನ ಹಟವಿಲ್ಲ.

ಏಳೆಂಟು ವರ್ಷಗಳ ಹಿಂದಿನ ಮಾತು. ನನ್ನ ಅಕ್ಕ ಸುಶೀಲಕ್ಕನನ್ನು ಸದಲಗಾಕ್ಕೆ ಕೊಟ್ಟಿದೆ. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಎತ್ತಿ ಆಡಿಸಿ, ಹೊಡೆದು ಬುದ್ಧಿ ಹೇಳಿ ಬೆಳೆಸಿದವಳು ಇವಳೇ. ಅಕ್ಕನೆಂದರೆ ನನಗೆ ಜೀವ. ಅವಳ ಹಟ ಮಾತ್ರ ಜೀವ ತಿನ್ನುತ್ತದೆ. ಆ ಭಾದ್ರಪದದಲ್ಲಿ ಮೂರು ದಿನದ ಉಪವಾಸ ಹಿಡಿದಳು. ಅರವತ್ತು ದಾಟಿದ ಮೈ, ಅದರಲ್ಲಿ ಸಕ್ಕರೆ ಕಾಯಿಲೆ. ಸಾಲದ್ದಕ್ಕೆ ಇನ್ನೊಂದು ನೇಮ: ಚಾತುರ್ಮಾಸಕ್ಕೆ ಐನಾಪುರದಲ್ಲಿ ನಿಂತಿದ್ದ ಜೈನ ಮುನಿ ಮಹಾರಾಜರು ಆಹಾರ ತೆಗೆದುಕೊಳ್ಳುವುದನ್ನು ಕಣ್ಣಾರೆ ಕಂಡ ಮೇಲೆಯೇ ತಾನು ಪಾರಣೆ ಮಾಡುವುದು. ಮಹಾರಾಜರದು ದಿನಕ್ಕೆ ಒಂದೇ ಊಟ, ಬೆಳಗಿನ ಹತ್ತರ ಸುಮಾರಿಗೆ. ಅದು ತಪ್ಪಿತೋ, ಅಕ್ಕನಿಗೆ ಮತ್ತೊಂದು ದಿನ ಉಪವಾಸ. ಅವಳು ಅದನ್ನು ತಾಳುತ್ತಾಳೆಂಬ ಧೈರ್ಯ ನನಗಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕನ ಮನೆಯವರ ಕಾರಿನ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಬೈಕಿನಲ್ಲಿ ಸದಲಗಾಕ್ಕೆ ಹೋದೆ. ಕೀಲಿಯ ಪ್ಲಾಸ್ಟಿಕ್ ಕವರು ಒಡೆದಿತ್ತೆಂದು ಹಿಂದಿನ ವಾರ ನನ್ನ ಅಂಗಡಿಗೆ ಕಳಿಸಿದ್ದರು, ನಾನು ಹೊಸದು ಹಾಕಿದ್ದೆ. ಇನ್ನೊಂದು ಕೀಲಿ ಎಂದೋ ಕಬ್ಬಿನ ಹೊಲದಲ್ಲಿ ಕಳೆದುಹೋಗಿತ್ತು. ಅಕ್ಕ ಗೋಡೆ ಹಿಡಿದುಕೊಂಡು ನಡೆದು ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತಳು. ಕೀಲಿ ತಿರುಗಿಸಿದೆ. ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಮೀಟರಿನಲ್ಲಿ ಕೀಲಿಯ ಚಿತ್ರದ ಕೆಂಪು ದೀಪ ಮಿಣುಕತೊಡಗಿತು.

ಕಳ್ಳರು ಒಯ್ಯಬಾರದೆಂದು ಈಗಿನ ಕಾರುಗಳಲ್ಲಿ ಒಂದು ಏರ್ಪಾಡಿದೆ. ಕೀಲಿಯೊಳಗೆ ಒಂದು ಸಣ್ಣ ಚಿಪ್ ಇರುತ್ತದೆ. ಗಾಡಿ ಅದರ ಗುರುತು ಹಿಡಿದರೆ ಮಾತ್ರ ಎಂಜಿನ್ ಓಡುತ್ತದೆ, ಇಲ್ಲದಿದ್ದರೆ ಎರಡು ಸೆಕೆಂಡಿನಲ್ಲಿ ಬಂದ್. ಕೀಲಿ ನನ್ನ ಕೈಯಿಂದಲೇ ಬಂದದ್ದು, ಅದರ ಮೇಲೆ ಅನುಮಾನ ಬರಲಿಲ್ಲ. ನಾನು ಬ್ಯಾಟರಿ ನೋಡಿದೆ, ಫ್ಯೂಸು ನೋಡಿದೆ, ಎರಡೂ ಸರಿಯಿದ್ದವು. ಕೀಲಿ ತೂರಿಸುವ ಜಾಗದ ವೈರು ಬಿಚ್ಚಿ, ಒರೆಸಿ, ಮತ್ತೆ ಹಾಕಿದೆ. ಬ್ಯಾಟರಿಯ ವೈರು ಕಳಚಿ ಹತ್ತು ನಿಮಿಷ ಬಿಟ್ಟು ಜೋಡಿಸಿದೆ. ದೀಪ ಮಿಣುಕುತ್ತಲೇ ಇತ್ತು. ಎಂಟು ಹೊಡೆಯಿತು. ಬಾಡಿಗೆ ಗಾಡಿಯವನಿಗೆ ಫೋನ್ ಮಾಡಿದರೆ ಒಂಬತ್ತರ ಮೇಲೆ ಬರುತ್ತೇನೆ ಎಂದ. ಬೈಕಿನ ಮೇಲೆ ಕೂರಿಸಿಕೊಂಡು ಹೋಗೋಣವೆಂದರೆ ಅಕ್ಕ ಕೂತಲ್ಲೇ ತೂಗಾಡುತ್ತಿದ್ದಳು.

"ಒಂದೀಟ ಹಾಲರ ಕುಡಿಬೇ ಅಕ್ಕಾ, ಕೈ ಮುಗಿತೀನಿ" ಎಂದೆ.

"ನೇಮ ಅಂದ್ರ ನೇಮ. ಗಾಡಿಗೆ ಏನಾಗೇತಿ, ಅದನ್ನ ಹೇಳ."

"ನಮ್ಮ ಕೀಲಿ ಗುರುತ ಹಿಡಿಯವಲ್ದು."

ಅಷ್ಟು ನಿತ್ರಾಣದಲ್ಲೂ ಅಕ್ಕ ನಕ್ಕಳು. "ಕೈ ಬದ್ಲಾದ್ರ ನಮ್ಮ ಎಮ್ಮಿನೂ ಹಾಲ ಕೊಡಂಗಿಲ್ಲ. ತಡಿ" ಎಂದು ಮುಂದೆ ಬಾಗಿ, ಮೀಟರಿನ ಮೇಲ್ಭಾಗವನ್ನು ಎಮ್ಮೆಯ ಬೆನ್ನು ಸವರಿದಂತೆ ಸವರಿದಳು. "ಇಂವ ನನ್ನ ತಮ್ಮ. ಬ್ಯಾರೇದವ ಅಲ್ಲ. ಅಂಜಬ್ಯಾಡ, ನಡಿ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಆ ಸಿಟ್ಟಿನಲ್ಲೇ ಕೀಲಿ ತಿರುಗಿಸಿದೆ. ಎಂಜಿನ್ ಹತ್ತಿತು. ದೀಪ ಆರಿತು.

ದಾರಿಯುದ್ದಕ್ಕೂ ನನ್ನ ಕಿವಿ ಎಂಜಿನ್ನಿನ ಮೇಲೇ ಇತ್ತು. ಕೃಷ್ಣೆಯ ಸೇತುವೆ ದಾಟುವಾಗ ಈಗ ನಿಂತೀತು, ಈಗ ನಿಂತೀತು ಎಂದುಕೊಂಡೆ. ನಿಲ್ಲಲಿಲ್ಲ. ಐನಾಪುರ ಮುಟ್ಟಿದಾಗ ಮಹಾರಾಜರು ಆಗಷ್ಟೇ ಆಹಾರಕ್ಕೆ ನಿಂತಿದ್ದರು. ಅವರ ಬೊಗಸೆಗೆ ತುತ್ತು ಬೀಳುವುದನ್ನು ನೋಡುತ್ತ ಅಕ್ಕ ಅತ್ತಳು. ಆಮೇಲೆ ಗಂಜಿ ಕುಡಿದಳು. ಎರಡನೆಯ ಲೋಟಕ್ಕೆ ಅವಳ ಮುಖಕ್ಕೆ ಕಳೆ ಬಂತು. ಆಗ ನಾನು ಹೊರಗೆ ಹೋಗಿ ಕಣ್ಣೊರೆಸಿಕೊಂಡೆ.

ಮಧ್ಯಾಹ್ನ ಹೊರಡೋಣವೆಂದು ಕೀಲಿ ತಿರುಗಿಸಿದರೆ ಮತ್ತೆ ಅದೇ ಕೆಮ್ಮು, ಅದೇ ಕೆಂಪು ದೀಪ. ಈ ಸಲ ಕೀಲಿಯನ್ನೇ ಬಿಚ್ಚಿ ನೋಡೋಣವೆಂದು ಹೊಸ ಕವರನ್ನು ಬ್ಲೇಡಿನಿಂದ ಎಬ್ಬಿಸಿದೆ. ಒಳಗೆ ಚಿಪ್ ಇರಲಿಲ್ಲ. ಹೆಂಡತಿಗೆ ಫೋನ್ ಮಾಡಿದೆ. ಅಂಗಡಿಯ ಮೇಜಿನ ಮೇಲೆ ಹಳೆಯ ಒಡೆದ ಕವರು ಬಿದ್ದಿತ್ತು, ಚಿಪ್ ಅದರೊಳಗೇ ಇತ್ತು. ಹೊಸ ಕವರಿಗೆ ಅದನ್ನು ದಾಟಿಸುವುದನ್ನೇ ನಾನು ಮರೆತಿದ್ದೆ. ಕೆಲಸ ಕಲಿಯಲು ಬಂದವರು ಹೀಗೆ ಮಾಡಿದ್ದರೆ ಊರಿಗೆ ಕೇಳುವಂತೆ ಬೈಯುತ್ತಿದ್ದೆ. ಹೆಂಡತಿ ಚಿಪ್ಪನ್ನು ಚೀಟಿಯಲ್ಲಿ ಕಟ್ಟಿ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸಿದಳು. ಹಾಕಿದ ಕೂಡಲೇ ಗಾಡಿ ಚಾಲೂ ಆಯಿತು.

ಅಂದರೆ ಬೆಳಿಗ್ಗೆ ಅಷ್ಟು ದೂರ ಆ ಕಾರು ಖಾಲಿ ಕೀಲಿಯಲ್ಲಿ ಓಡಿತ್ತು. ಆಮೇಲೆ ಚಿಪ್ ತೆಗೆದಿಟ್ಟು ಅದೇ ಕಾರನ್ನು ಎಷ್ಟೋ ಸಲ ಪರೀಕ್ಷಿಸಿದ್ದೇನೆ. ಒಮ್ಮೆಯೂ ಎರಡು ಸೆಕೆಂಡು ದಾಟಿಲ್ಲ. ಯಾರೂ ಇಲ್ಲದಾಗ ಸವರಿಯೂ ನೋಡಿದ್ದೇನೆ, ಯಾರಿಗೂ ಹೇಳಬೇಡಿ.

ಅಕ್ಕ ಮಾತ್ರ ಊರ ತುಂಬ ನನ್ನ ಕೈಗುಣ ಹೊಗಳುತ್ತ ತಿರುಗಿದಳು. ಅವಳ ಮಾತು ಕೇಳಿ ಗಿರಾಕಿಗಳೂ ಬಂದರು. ಎಷ್ಟು ದಿನ ಸುಮ್ಮನಿರಲಿ? ಒಂದು ದಿನ ಅವಳ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿಬಿಟ್ಟೆ. "ಅಕ್ಕಾ, ಆವತ್ತ ಗಾಡಿ ನಾ ಚಾಲೂ ಮಾಡಿದ್ದಲ್ಲ. ಕೀಲಿಯೊಳಗ ಚಿಪ್ಪ ಇರಲೇ ಇಲ್ಲ."

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮಹಾರಾಜರ ಹೆಸರನ್ನೋ ತನ್ನ ನೇಮದ ಹೆಸರನ್ನೋ ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಅವಳ ಮುಖದಲ್ಲಿ ಚೇಷ್ಟೆಯೂ ಇರಲಿಲ್ಲ.

"ಹಂಗಾರ ಯಾರ ಮಾಡಿದ್ರೋ ತಮ್ಮಾ?" ಎಂದು ನನ್ನನ್ನೇ ಕೇಳಿದಳು.