ಶಿಫ್ಟ್‌ನವರ ಸಾಲು

ಪೀಣ್ಯದಲ್ಲಿ ಲೇತ್ ವರ್ಕ್‌ಶಾಪ್ ಒಂದರ ಮಹಡಿ ಮೇಲಿರೋ ಪ್ರಾರ್ಥನಾ ಮಂದಿರಕ್ಕೆ ಒಂದು ಭಾನುವಾರ ಪ್ರಸಂಗ ಮಾಡೋಕೆ ನನ್ನನ್ನ ಕರೆದಿದ್ರು. ವಿಷಯ, ದೀನತೆ. ಔತಣಕ್ಕೆ ಹೋದ್ರೆ ಕಡೇ ಜಾಗದಲ್ಲಿ ಕೂರಬೇಕು ಅಂತ ಯೇಸು ಹೇಳಿದ್ದಾನಲ್ಲ, ಅದನ್ನ ಮೊದಲು ಮಾಡಿ ತೋರಿಸೋಣ ಅಂತ ಬಾಗಿಲ ಪಕ್ಕದ ಕೊನೇ ಸಾಲಲ್ಲಿ ಕೂತೆ. ಪಾಸ್ಟರ್ ಓಡಿ ಬಂದು, ಎಲ್ಲರೂ ನೋಡೋ ಹಾಗೆ ಕೈಹಿಡಿದು ಮುಂದಕ್ಕೆ ಕರ್ಕೊಂಡು ಹೋಗ್ಲಿ ಅನ್ನೋ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಪಾಸ್ಟರ್ ಮೈಕ್ ಸರಿಮಾಡೋದ್ರಲ್ಲಿ ಮುಳುಗಿದ್ರು. ಬಂದಿದ್ದು ಫ್ಯಾಕ್ಟರಿ ಯೂನಿಫಾರ್ಮ್ ಹಾಕ್ಕೊಂಡಿದ್ದ ಒಬ್ಬರು ಅಕ್ಕ.

"ಸಾರ್, ಸ್ವಲ್ಪ ಮುಂದೆ ಹೋಗ್ತೀರಾ? ಇದು ಶಿಫ್ಟ್‌ನವರ ಸಾಲು."

"ಪರವಾಗಿಲ್ಲಮ್ಮ, ನಂಗೆ ಹಿಂದೆ ಕೂತ್ರೇ ಸಮಾಧಾನ."

"ನಾವು ಎರಡು ಗಂಟೆಗೆ ಗೇಟ್ ಒಳಗಿರ್ಬೇಕು ಸಾರ್. ಮಧ್ಯದಿಂದ ಎದ್ದು ಹೋದ್ರೆ ಪ್ರಸಂಗ ಮಾಡೋರಿಗೆ ತೊಂದರೆ ಆಗುತ್ತೆ ಅಂತ ಇಲ್ಲಿ ಕೂರ್ತೀವಿ."

ಪ್ರಸಂಗ ಮಾಡೋನು ನಾನೇ ಅಂತ ಹೇಳಿದ್ರೆ ಜಂಭ, ಅಲ್ಲೇ ಕೂತಿದ್ರೆ ಹಠ. ಎದ್ದೆ. ಖಾಲಿ ಇದ್ದದ್ದು ವೇದಿಕೆ ಮೇಲಿನ ದೊಡ್ಡ ಕುರ್ಚಿ ಒಂದೇ. ಹೋಗಿ ಅದರಲ್ಲೇ ಕೂತೆ.

ತನ್ನನ್ನ ತಾನು ತಗ್ಗಿಸಿಕೊಳ್ಳೋದು ಹೇಗೆ ಅಂತ ನಾನು ಕೈಯೆತ್ತಿ ವಿವರಿಸ್ತಿದ್ದಾಗ, ಆ ಅಕ್ಕ ಕುರ್ಚಿ ಸದ್ದಾಗದ ಹಾಗೆ ಎದ್ದು, ಸೊಂಟ ಬಗ್ಗಿಸ್ಕೊಂಡು ಹೊರಟ್ರು. ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ನನ್ನನ್ನೇ ನೋಡ್ತಿದ್ರು.

ದೀನತೆ ಬಗ್ಗೆ ಇಷ್ಟು ಚೆನ್ನಾಗಿ ಯಾರೂ ಮಾತಾಡಿಲ್ಲ ಅಂತ ಪಾಸ್ಟರ್ ಆಮೇಲೆ ಶಾಲು ತಂದ್ರು. ಬೇಡ ಅನ್ನೋದು ದೀನತೆಯೋ, ಸುಮ್ಮನೆ ಹೊದಿಸ್ಕೊಳ್ಳೋದು ದೀನತೆಯೋ ಅಂತ ನಾನು ಯೋಚಿಸ್ತಿರೋವಾಗ್ಲೇ ಫೋಟೋ ತೆಗೆದುಬಿಟ್ರು.